ಗುಂಡು ಹಾರಿದ ಹೈಸ್ಕೂಲು ಮತ್ತು ನಾನು ಬರೆಯದ ಕಾರಣ

ಆದೇಶದ ಕಾಗದ ನನ್ನ ಕೈಗೆ ಬರುವ ಹೊತ್ತಿಗೆ ಗುಂಡು ಹಾರಿ ಆರು ದಿನವಾಗಿತ್ತು. ಅದು ಯಾಕೆ ಹಾರಿತು ಅನ್ನುವುದು ಅಷ್ಟರಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಾಗಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಚಿಕ್ಕೋಡಿಯ ಶಿಕ್ಷಣ ಕಚೇರಿಯಲ್ಲಿ ವಿಷಯ ಪರಿವೀಕ್ಷಕಿ. ಹೈಸ್ಕೂಲುಗಳಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವುದು, ಟಿಪ್ಪಣಿ ಬರೆಯುವುದು ನನ್ನ ಕೆಲಸ. ಆವತ್ತು ನಮ್ಮ ಸಾಹೇಬರು ಕರೆದು ಕಾಗದ ಕೊಟ್ಟರು.

"ಪೊಲೀಸರದು ಪೊಲೀಸರು ಮಾಡ್ತಾರ. ನಮ್ಮ ಖಾತೆಯಿಂದ ಬ್ಯಾರೆ ವರದಿ ಹೋಗಬೇಕು. ಹದಿನೈದು ದಿನದಾಗ. ಹೆಂಗ ಆತು, ಯಾಕ ಆತು, ಮುಂದ ಆಗಬಾರದಂದ್ರ ಏನ್ ಮಾಡಬೇಕು. ಮೂರ ಕಾಲಂ, ಮುಗೀತು."

ಆಗಿದ್ದು ಇಷ್ಟು. ರಾಯಬಾಗ ತಾಲೂಕಿನಲ್ಲಿ, ಕೃಷ್ಣಾ ನದಿಯ ಬಯಲಿನ ಒಂದು ಊರು. ಹೆಸರು ಬೇಡ. ಸೋಮವಾರ ಮೂರನೇ ತಾಸು, ಹತ್ತನೆಯ ಇಯತ್ತೆಗೆ ಗಣಿತ ನಡೆದಿತ್ತು. ಅದೇ ವರ್ಗದ ಹದಿನೈದು ವರ್ಷದ ಹುಡುಗನೊಬ್ಬ ತಡವಾಗಿ ಬಂದ. ಬಾಗಿಲಲ್ಲಿ ನಿಂತು, ಗಣಿತ ಮಾಸ್ತರರ ಮೇಲೆ ಬಂದೂಕು ಹಾರಿಸಿದ. ಒಂದೇ ಏಟು. ಕಬ್ಬಿಗೆ ಬೀಳುವ ಹಂದಿ ಓಡಿಸಲೆಂದು ಅವನ ಅಪ್ಪ ಲೈಸೆನ್ಸ್ ತೆಗೆಸಿ ಇಟ್ಟುಕೊಂಡಿದ್ದ ಬಂದೂಕು ಅದು. ಅದರಿಂದ ಹೊರಡುವುದು ಛರ್ರಾ, ಚೆದುರಿ ಹೋಗುವ ಸಣ್ಣ ಸೀಸದ ಕಾಳುಗಳು. ಮಾಸ್ತರರು ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡರು. ಕರಿಹಲಗೆಯ ಮುಂದೆ ಪ್ರಮೇಯ ಬರೆಯುತ್ತ ನಿಂತಿದ್ದ ಹುಡುಗಿಯೊಬ್ಬಳ ತೋಳಿಗೂ ಎರಡು ಛರ್ರಾ ಹೊಕ್ಕವು. ಹುಡುಗ ಬಂದೂಕನ್ನು ಪಡಸಾಲೆಯಲ್ಲಿಟ್ಟು ಧ್ವಜದ ಕಟ್ಟೆಯ ಮೇಲೆ ಹೋಗಿ ಕೂತ. ಪೊಲೀಸರು ಬರುವ ತನಕ ಅಲ್ಲಿಂದ ಏಳಲಿಲ್ಲ.

ಚಿಕ್ಕೋಡಿಯಿಂದ ಹೊರಟ ಬಸ್ಸು ರಾಯಬಾಗ ಮುಟ್ಟುವುದರೊಳಗೆ ನನಗೆ ನಾಲ್ಕು ಕಾರಣ ಸಿಕ್ಕಿದ್ದವು. ಊರಲ್ಲಿ ವಿಡಿಯೋ ತೋರಿಸುವ ಶೆಡ್ಡಿನಲ್ಲಿ ಹೊಡೆದಾಟದ ಸಿನಿಮಾ ನೋಡಿ ಹುಡುಗ ಕೆಟ್ಟ ಅನ್ನುವುದು ಮೊದಲನೆಯದು. ಮಾಸ್ತರರು ಕನ್ನಡದವರು, ಹುಡುಗನ ಮನೆಮಾತು ಮರಾಠಿ, ಹಾಗಾಗಿ ಇದು ಗಡಿಯ ಜಗಳ ಅನ್ನುವುದು ಎರಡನೆಯದು. ಗಡಿಯ ಆಚೆಯ ಪತ್ರಿಕೆ ಒಂದು ಥರ, ಈಚೆಯದು ಇನ್ನೊಂದು ಥರ ಅದನ್ನೇ ಬರೆದಿದ್ದವು. ಮಾಸ್ತರರು ಸಿಕ್ಕಾಪಟ್ಟೆ ಬಡಿಯುತ್ತಿದ್ದರು ಅನ್ನುವುದು ಮೂರನೆಯದು. ನಾಲ್ಕನೆಯದನ್ನು ಪಕ್ಕದಲ್ಲಿ ಕೂತ ಹೆಂಗಸು ದನಿ ತಗ್ಗಿಸಿ ಹೇಳಿದಳು.

"ಎಲ್ಲಾ ಆ ಹುಡಿಗೀ ಸಂಬಂಧ ನೋಡ್ರಿ. ಆಕೀ ವಹಿ ಅವನ ಚೀಲದಾಗ ಸಿಕ್ಕೈತಂತ. ಮಾಸ್ತರಗ ಗೊತ್ತಾಗಿತ್ತು, ಬೈದಿದ್ರು. ಅದಕ್ಕ ಇಬ್ಬರನೂ ಮುಗಸಾಕ ಬಂದಿದ್ದ."

ವಹಿ ಅಂದರೆ ನೋಟುಪುಸ್ತಕ. ಆಕೆ ಆ ಊರಿನವಳಲ್ಲ. ಆ ಹುಡುಗಿಯನ್ನು ಕಂಡವಳೂ ಅಲ್ಲ.

ಮೊದಲ ಎರಡು ದಿನ ನಾನು ರೂಢಿಯ ಪ್ರಕಾರ ಕೆಲಸ ಮಾಡಿದೆ. ಹೆಡ್ ಮಾಸ್ತರರ ಕೋಣೆಯಲ್ಲಿ ಕೂತು, ವರ್ಗದ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆಸಿ, "ಯಾಕ ಹಿಂಗಾತು, ನಿನಗೇನ ಗೊತ್ತೈತಿ ಹೇಳು" ಅಂತ ಕೇಳಿ ಹೇಳಿಕೆ ಬರೆದುಕೊಂಡೆ. ಇಪ್ಪತ್ತೆರಡು ಹೇಳಿಕೆಗಳಾದವು. ಎರಡನೆಯ ದಿನ ಸಂಜೆ ಅವನ್ನೆಲ್ಲ ಸಾಲಾಗಿ ಇಟ್ಟು ಓದಿದಾಗ ನನಗೆ ಕಸಿವಿಸಿಯಾಯಿತು. ಹದಿಮೂರು ಮಕ್ಕಳು "ಚಲನಚಿತ್ರದ ದುಷ್ಪರಿಣಾಮ" ಅಂದಿದ್ದರು. ಕಬ್ಬು ಕಡಿಯುವವರ ಮನೆಯ ಮಕ್ಕಳು ತಾವಾಗಿ ಆಡುವ ಮಾತಲ್ಲ ಅದು. ಪತ್ರಿಕೆಯ ತಲೆಬರಹದ ಮಾತು. ಹಾಜರಿ ಪುಸ್ತಕ ತರಿಸಿ ತಾಳೆ ನೋಡಿದೆ. ಹುಡುಗ ಹೇಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದ, ಏನೆಂದು ಕೂಗಿದ ಎಂದು ಎಲ್ಲರಿಗಿಂತ ಚೆನ್ನಾಗಿ ವರ್ಣಿಸಿದವನು ಆವತ್ತು ಶಾಲೆಗೇ ಬಂದಿರಲಿಲ್ಲ. ಅಜ್ಜಿಯ ಊರಾದ ಅಲಖನೂರಿನಲ್ಲಿದ್ದ.

ಮರುದಿನ ಕರೆದು ಕೇಳಿದರೆ ಅವನು ಸುಳ್ಳಾಡುತ್ತಿರಲಿಲ್ಲ. "ನಾ ನೋಡೇನ್ರಿ ಬಾಯಾರ" ಎಂದು ಅಳುವ ಹಾಗಾದ. ನಮ್ಮ ಕಡೆ ಶಾಲೆಯ ಹೆಂಗಸರನ್ನು ಬಾಯಾರ ಅನ್ನುತ್ತಾರೆ. ಎಂಟು ದಿನ ಹಗಲೆಲ್ಲ ಅದೇ ಮಾತು ಕೇಳಿ ಕೇಳಿ ಅವನ ಕಣ್ಣಿಗೆ ಅದು ಕಟ್ಟಿತ್ತು. ಉಳಿದವರ ಕಣ್ಣಿಗೂ ಏನೇನು ಕಟ್ಟಿರಬಹುದು?

ಆ ಇಪ್ಪತ್ತೆರಡು ಹೇಳಿಕೆಗಳನ್ನು ದಾರದಿಂದ ಕಟ್ಟಿ, ಮೇಲೆ "ಉಪಯೋಗವಿಲ್ಲ" ಎಂದು ಬರೆದು ಬದಿಗಿಟ್ಟೆ. ಎರಡು ದಿನ ದಂಡವಾಯಿತು. ಆದರೆ ನನಗೆ ನನ್ನ ಕೆಲಸ ಗೊತ್ತಿತ್ತು. ಹದಿನೆಂಟು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವಳು ನಾನು. ಉತ್ತರ ತಪ್ಪಾಗಿ ಬಂದರೆ ಮೊದಲು ಪ್ರಶ್ನೆ ನೋಡಬೇಕು. "ಯಾಕೆ" ಎಂದು ಕೇಳುವುದನ್ನೇ ಬಿಟ್ಟುಬಿಡುತ್ತೇನೆ ಎಂದು ನಿರ್ಧರಿಸಿದೆ. ಹೇಳಿಕೆ ಪಡೆಯುವುದು ಅದೇ ವರ್ಗದ ಕೋಣೆಯಲ್ಲಿ, ಅವರವರ ಜಾಗದಲ್ಲಿ ಕೂಡಿಸಿ.

ಹೆಡ್ ಮಾಸ್ತರರಿಗೆ ಅದು ಸರಿಬರಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಆ ಸೋಮವಾರದಿಂದ ಹೆದರಿದ್ದರು.

"ಖೋಲಿಗೆ ಸುಣ್ಣಾ ಹಚ್ಚಿಸಿ ಕೀಲಿ ಹಾಕೇನ್ರಿ. ಮಕ್ಕಳು ಮತ್ತ ಹೆದರತಾವು."

"ಹೆದರಿದವರನ್ನ ಕಳಿಸಿಬಿಡೂಣು, ಒತ್ತಾಯ ಬ್ಯಾಡ್ರಿ" ಅಂದೆ. "ಆದರ ಮುಂದ ಅವರು ಆ ಖೋಲ್ಯಾಗ ಕೂತ ಕಲೀಬೇಕಲ್ರಿ. ಒಮ್ಮೆ ನನ್ನ ಜೋಡಿ ಒಳಗ ಬರಲಿ."

ಆ ಸೋಮವಾರ ವರ್ಗದಲ್ಲಿದ್ದವರಲ್ಲಿ ಬರಲಾರೆ ಅಂದವರು ಇಬ್ಬರು. ಉಳಿದ ಮೂವತ್ತಾರು ಮಂದಿ ಒಬ್ಬೊಬ್ಬರಾಗಿ ಬಂದು ತಮ್ಮ ಬೆಂಚಿನಲ್ಲಿ ಕೂತರು. ನಾನು ಕೇಳಿದ್ದು ನಾಲ್ಕೇ ಪ್ರಶ್ನೆ. ನಿನ್ನ ಕೈಯಲ್ಲಿ ಏನಿತ್ತು? ನಿನ್ನ ಕಣ್ಣು ಎಲ್ಲಿತ್ತು? ಏನು ಕೇಳಿಸಿತು? ಆಮೇಲೆ ನೀನು ಏನು ಮಾಡಿದೆ? ನಾಲ್ಕು ದಿನ ಹಿಡಿಯಿತು. ನಡುವೆ ಅತ್ತವರಿದ್ದರು, ಬೆಂಚಿನ ಕೆಳಗೆ ಕೂತು ತೋರಿಸಿದವರಿದ್ದರು. ಆದರೆ ಪತ್ರಿಕೆಯ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ.

ಮೊದಲ ಪ್ರಶ್ನೆಯಲ್ಲೇ ಒಂದು ಗಂಟು ಬಿಚ್ಚಿತು. ಕೈಯಲ್ಲಿ ಏನಿತ್ತು ಅಂದರೆ ಒಬ್ಬಳು "ಬ್ಯಾರೇದವರ ವಹಿ ಇತ್ತ್ರಿ" ಅಂದಳು. ಇನ್ನೊಬ್ಬನೂ ಹಾಗೇ ಅಂದ. ಶನಿವಾರದ ಪರೀಕ್ಷೆಯ ವಹಿಗಳನ್ನು ಮಾಸ್ತರರು ಅದಲುಬದಲು ಮಾಡಿ ಹಂಚುತ್ತಿದ್ದರು. ಒಬ್ಬರದನ್ನು ಇನ್ನೊಬ್ಬರು ಮನೆಯಲ್ಲಿ ತಿದ್ದಿ, ಕೆಂಪು ಶಾಯಿಯಲ್ಲಿ ಸಹಿ ಮಾಡಿ ಸೋಮವಾರ ತರಬೇಕು. ಆ ಸೋಮವಾರ ವರ್ಗದಲ್ಲಿ ಒಬ್ಬರ ಹತ್ತಿರವೂ ತಮ್ಮ ವಹಿ ಇರಲಿಲ್ಲ. ಹುಡುಗನ ಚೀಲದಲ್ಲಿ ಹುಡುಗಿಯ ವಹಿ ಸಿಕ್ಕದ್ದು ಅದಕ್ಕೆ. ಮಾಸ್ತರರ ಖಾನೆಯಲ್ಲಿ ಹಂಚಿಕೆಯ ಪಟ್ಟಿಯೂ ಸಿಕ್ಕಿತು, ಅವರದೇ ಅಕ್ಷರದಲ್ಲಿ. ಅಪ್ಪ ಬಂದೂಕು ಇಟ್ಟಿದ್ದ ಅದೇ ಮನೆಯಲ್ಲಿ, ಆ ಹುಡುಗ ಭಾನುವಾರ ಕೂತು ಅವಳ ಒಂಬತ್ತು ಲೆಕ್ಕ ತಿದ್ದಿ, ಎರಡಕ್ಕೆ ತಪ್ಪು ಹಾಕಿದ್ದ.

ಅದೇ ವಾರ ನಾನು ಹುಡುಗಿಯ ಮನೆಗೆ ಹೋದೆ. ಅವಳ ಅಪ್ಪ ದ್ರಾಕ್ಷಿ ತೋಟದ ಒಡೆಯ, ಊರಲ್ಲಿ ಮರ್ಯಾದೆ ಇದ್ದವರು. ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ಆಮೇಲೆ ನೇರವಾಗಿ ಹೇಳಿದರು.

"ಬಾಯಾರ, ನಿಮ್ಮ ವರದಿ ಬರೂದ್ರಾಗ ಆಕೀ ಲಗ್ನ ಆಗಿರತೈತಿ. ಅಥಣಿ ಕಡೆ ನಮ್ಮ ಬೀಗರ ಪೈಕಿ ಒಂದು ಮನಿ ಐತಿ. ಸುದ್ದಿ ಅಲ್ಲೀ ತನಕ ಇನ್ನೂ ಹೋಗಿಲ್ಲ."

"ಆಕೀಗೆ ಹದಿನೈದು ವರ್ಷ. ಎರಡ ತಿಂಗಳಿಗೆ ಪರೀಕ್ಷೆ ಐತಿ."

"ಎದುರಿಗೆ ಯಾರೂ ಏನೂ ಅನ್ನೂದಿಲ್ರಿ. ನಾ ಕಟ್ಟೀಗೆ ಹೋದ್ರ ಮಾತ ನಿಂದರತಾವ. ಅದು ನಿಮಗ ತಿಳಿಯೂದಿಲ್ಲ."

ಹುಡುಗಿ ಒಳಬಾಗಿಲಲ್ಲಿ, ತೋಳಿಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದಳು. ಅವಳನ್ನು ಒಳಗೆ ಕೂಡಿಸಿಕೊಂಡು, ಬೇಕಾದರೆ ಏನೂ ಹೇಳಬೇಡ ಅಂದೆ. ಅವಳು ಹೇಳಿದ್ದು ಒಂದೇ ಮಾತು. "ಎಲ್ಲಾರೂ ನನ್ನ ಬಗ್ಗೆ ಹೇಳಾಕತ್ತಾರ್ರಿ. ನನ್ನ ಯಾರೂ ಕೇಳಿಲ್ಲ."

ನಾನು ಹೊರಗೆ ಬಂದು ಅಪ್ಪನ ಹತ್ತಿರ ಒಂದು ವಾರದ ಗಡುವು ಕೇಳಿದೆ. ಅವರು ಬೇಡ ಅನ್ನಲಿಲ್ಲ.

ವಹಿಯ ಸಂಗತಿ ಬಿಡಿಸಿದರೆ ಸಾಲದು ಅಂತ ನನಗೆ ಗೊತ್ತಿತ್ತು. "ಹುಡುಗ ಆಕೀ ಮ್ಯಾಲೂ ಗುರಿ ಹಿಡದಾನ" ಅನ್ನುವ ಮಾತು ಉಳಿದಿತ್ತು. ಪೊಲೀಸರ ಪಂಚನಾಮೆಯ ನಕ್ಷೆಯೂ ಅದಕ್ಕೆ ಒತ್ತಾಸೆಯಾಗಿತ್ತು. ಅದರಲ್ಲಿ ಸ್ಟ್ಯಾಂಡಿನ ಮೇಲಿನ ಕರಿಹಲಗೆ ಗೋಡೆಗೆ ಒರಗಿ ನೇರವಾಗಿದೆ. ಬಾಗಿಲಿಂದ ನೋಡಿದರೆ ಹುಡುಗಿ ಪೂರ್ತಿ ಕಾಣಬೇಕು.

ಮೂರನೇ ಬೆಂಚಿನ ಒಬ್ಬ ಹುಡುಗ ಎರಡನೆಯ ಪ್ರಶ್ನೆಗೆ ಉತ್ತರ ಕೊಡುತ್ತ, ಕೈ ಎತ್ತಿ ಗಾಳಿಯಲ್ಲಿ ತಿರುವಿದ.

"ಫಳಾ ಹಿಂಗ ಇತ್ತ್ರಿ, ಓರೆ. ಮೂರನೇ ತಾಸಿಗೆ ಕಿಡಕ್ಯಾಗಿಂದ ಬಿಸಲ ಬಿದ್ದು ಹೊಳೀತಿತ್ತು. ಮಾಸ್ತರ ದಿನಾ ತಿರುವತಿದ್ರು."

ಫಳಾ ಅಂದರೆ ಕರಿಹಲಗೆ. ಮೊದಲು ಹೇಳಿಕೆ ಕೊಟ್ಟಿದ್ದವರನ್ನು ಮತ್ತೆ ಕರೆದು ಕೂಡಿಸಿ, ಫಳಾ ಎಲ್ಲಿತ್ತು ಎಂದಷ್ಟೇ ಕೇಳಿದೆ. ಎಲ್ಲರ ಕೈಯೂ ಅದೇ ಓರೆಯಲ್ಲಿ ತಿರುಗಿತು. ಅಂದರೆ ಹಲಗೆಯ ಬೆನ್ನು ಬಾಗಿಲಿನ ಕಡೆಗಿತ್ತು, ಬರೆಯುತ್ತಿದ್ದ ಹುಡುಗಿ ಅದರ ಮರೆಯಲ್ಲಿದ್ದಳು. ಮಾಸ್ತರರನ್ನು ಎತ್ತಿಕೊಂಡು ಹೋಗುವಾಗ ದಾರಿ ಬಿಡಿಸಲು ಯಾರೋ ಅದನ್ನು ಗೋಡೆಗೆ ಸರಿಸಿದ್ದರು. ಪೊಲೀಸರು ಬಂದು ಕಂಡದ್ದು ಸರಿಸಿದ ಮೇಲಿನ ಹಲಗೆಯನ್ನು.

"ಆ ಹಲಗಿ ಈಗ ಎಲ್ಲೈತ್ರಿ?" ಎಂದು ಹೆಡ್ ಮಾಸ್ತರರನ್ನು ಕೇಳಿದೆ. ಅವರ ಮುಖ ಇಳಿಯಿತು. ಒಡೆದು ಒಲೆಗೆ ಹಾಕು ಎಂದು ಶಿಪಾಯಿಗೆ ಹೇಳಿದ್ದರಂತೆ. ಶಿಪಾಯಿಯನ್ನು ಕೇಳಿದರೆ ಆತ ನೆಲ ನೋಡಿದ. "ಮನಸ ಬರಲಿಲ್ರಿ. ಮಾಸ್ತರರ ಕೈ ಹತ್ತಿದ್ದು." ಗೋದಾಮಿನಲ್ಲಿ ಹರಕು ನಕಾಶೆಗಳ ಹಿಂದೆ ಅದು ನಿಂತಿತ್ತು. ತೆಳ್ಳಗಿನ ಪ್ಲೈವುಡ್ಡು. ಅಂಚಿನ ಹತ್ತಿರ ಎರಡು ತೂತು. ಸೀಳಿನ ಚೂರುಗಳು ಬರೆಯುವ ಬದಿಗೆ ಎದ್ದಿದ್ದವು. ಛರ್ರಾ ಹಿಂಬದಿಯಿಂದ ಹೊಕ್ಕು ಮುಂದೆ ಬಂದಿತ್ತು. ಹುಡುಗಿಯ ತೋಳಿಗೆ ಹೊಕ್ಕದ್ದೂ ಎರಡೇ.

ಠಾಣೆಗೆ ಹೋಗಿ ಫೌಜದಾರರಿಗೆ ತಿಳಿಸಿದೆ. ನಕ್ಷೆ ತಪ್ಪಾಗಿದೆ ಎಂದರೆ ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಜೀಪು ಹತ್ತಿ ಬಂದು, ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ತೂತಿನಲ್ಲಿ ಬೆರಳಿಟ್ಟು ನೋಡಿದರು. "ಇದು ನಮ್ಮ ಕಣ್ಣ ತಪ್ಪಿತ್ತು ಬಾಯಾರ" ಅಂದರು. ಇನ್ನೊಂದು ಪಂಚನಾಮೆ ಮಾಡಿ ಹಲಗೆ ಜಪ್ತು ಮಾಡುವ ಮುಂಚೆ, ನನ್ನ ಮಾತಿಗೆ ಒಪ್ಪಿ ಒಂದು ತಾಸು ಅದನ್ನು ವರ್ಗದಲ್ಲಿ ಮೊದಲಿನ ಓರೆಯಲ್ಲಿ ನಿಲ್ಲಿಸಲು ಬಿಟ್ಟರು.

ನಾನು ಹುಡುಗಿಯ ಅಪ್ಪನನ್ನು ಕರೆಸಿದೆ. ಊರಿನ ಇಬ್ಬರು ಹಿರಿಯರನ್ನೂ ಕರೆಸಿದೆ. ದ್ರಾಕ್ಷಿ ತೋಟದ ಒಡೆಯರನ್ನು ಬಾಗಿಲಲ್ಲಿ, ಹುಡುಗ ನಿಂತಿದ್ದ ಕಡೆ ನಿಲ್ಲಿಸಿ, ನಾನು ಹಲಗೆಯ ಮುಂದೆ ಹೋಗಿ ಸೀಮೆಸುಣ್ಣ ಹಿಡಿದು ನಿಂತೆ.

"ನಾ ಕಾಣಸ್ತೇನೇನ್ರಿ?"

ಅವರು ಕತ್ತು ಚಾಚಿ, ಆಚೆ ಈಚೆ ಬಾಗಿ ನೋಡಿದರು.

"ಸೀರೀ ಅಂಚ ಕಾಣಸ್ತೈತಿ. ಯಾರಂತ ತಿಳಿಯೂದಿಲ್ರಿ." ಆಮೇಲೆ ಹಿರಿಯರ ಕಡೆ ತಿರುಗಿದರು. "ಆಕಿ ಅಲ್ಲಿದ್ದದ್ದ ಅವಗ ಗೊತ್ತಿಲ್ಲ. ಗೊತ್ತ ಇಲ್ಲ."

ಹಿರಿಯರಿಬ್ಬರೂ ಒಬ್ಬರಾದ ಮೇಲೊಬ್ಬರು ಬಾಗಿಲಲ್ಲಿ ನಿಂತು ನೋಡಿದರು. ವಹಿ ಹಂಚಿಕೆಯ ಪಟ್ಟಿಯನ್ನೂ ಓದಿ ಹೇಳಿದೆ. ಅವತ್ತಿನ ಮಾತು ಊರಲ್ಲಿ ನನ್ನ ವರದಿಗಿಂತ ಬೇಗ ಓಡಿತು. ಅದನ್ನು ಲೆಕ್ಕ ಹಾಕಿಯೇ ನಾನು ಅವರನ್ನು ಕರೆಸಿದ್ದೆ.

ವಿಡಿಯೋ ಶೆಡ್ಡಿನ ಮಾಲೀಕನನ್ನೂ ಕಂಡೆ. ಘಟನೆಯ ಮರುದಿನವೇ ಜನ ಅವನ ಟೀವಿ ಒಡೆದು ತಗಡು ಕಿತ್ತಿದ್ದರು. ಅವನು ಮುಸಲ್ಮಾನ, ಎಂಟು ದಿನ ಮಕ್ಕಳನ್ನು ಹೊರಗೆ ಬಿಟ್ಟಿರಲಿಲ್ಲ. "ಆ ಹುಡುಗ ನನ್ನ ಶೆಡ್ಡಿಗೆ ಬರತಿದ್ನೋ ಇಲ್ಲೋ, ಒಬ್ಬರರೆ ಕೇಳ್ಯಾರೇನ್ರಿ?" ಅಂದ. ನಾನು ಕೇಳಿದೆ. "ಬರತಿದ್ದ ಬಾಯಾರ, ಸುಳ್ಳ್ಯಾಕ ಹೇಳಲಿ? ಊರಾಗಿನ ಎಲ್ಲಾ ಹುಡುಗರೂ ಬರತಿದ್ರು. ಒಡ್ಯಾಕ ಬಂದವರೂ ಬರತಿದ್ರು."

ಕೊನೆಗೆ ಅನುಮತಿ ಪಡೆದು ಬೆಳಗಾವಿಗೆ ಹೋಗಿ, ಬಾಲಮಂದಿರದಲ್ಲಿ ಆ ಹುಡುಗನನ್ನು ನೋಡಿದೆ. ಮೇಲ್ವಿಚಾರಕರು ಜೊತೆಗಿದ್ದರು. ತೆಳ್ಳಗಿನ ಹುಡುಗ, ಉಗುರು ಕಡಿದುಕೊಂಡು ಬೆರಳ ತುದಿ ಕೆಂಪಾಗಿತ್ತು. ವಹಿಯ ಬಗ್ಗೆ ಕೇಳಿದರೆ ಹಂಚಿಕೆಯ ಪದ್ಧತಿಯನ್ನೇ ಹೇಳಿದ. ಹುಡುಗಿಗೆ ತಾಗಿದ್ದು ಯಾವಾಗ ಗೊತ್ತಾಯಿತು ಎಂದರೆ, "ಜೀಪಿನಾಗ್ರಿ. ಪೊಲೀಸರು ಮಾತಾಡಾಕತ್ತಿದ್ರು" ಅಂದ. ಆಮೇಲೆ, ಬಿಟ್ಟಿದ್ದ ಪ್ರಶ್ನೆಯನ್ನು ಅವನೊಬ್ಬನಿಗೆ ಮಾತ್ರ ಕೇಳಿದೆ. ಉತ್ತರ ಇದ್ದರೆ ಅವನ ಹತ್ತಿರವೇ ಇರಬೇಕು.

"ಎಲ್ಲಾರೂ ಅದನ್ನ ಕೇಳ್ತಾರ್ರಿ" ಅಂದ. "ಪೊಲೀಸರಿಗೆ ಪಿಕ್ಚರ್ ಅಂದೆ. ನಮ್ಮಪ್ಪಗ, ಮಾಸ್ತರ ಹೊರಗ ನಿಂದರಸ್ತಿದ್ರು ಅಂದೆ. ಪೇಪರಿನವರಿಗೆ ಮತ್ತೇನೋ ಅಂದೆ. ಅವರಿಗೆ ಯಾವುದು ಬೇಕಾಗಿತ್ತೋ ಅದನ್ನ ಹೇಳೇನ್ರಿ."

"ಅದರಾಗ ಖರೇ ಯಾವುದು?"

ಉಗುರು ಕಡಿಯುತ್ತ ಯೋಚಿಸಿದ. ಅಳಲಿಲ್ಲ. "ಎಲ್ಲಾ ಸ್ವಲ್ಪ ಸ್ವಲ್ಪ ಖರೇ ಅನಸ್ತೈತ್ರಿ. ಯಾವುದೂ ಅಷ್ಟ ದೊಡ್ಡದಿಲ್ಲ."

ವಾಪಸು ಬರುವ ಬಸ್ಸಿನಲ್ಲೇ ನನ್ನ ಮನಸ್ಸು ಗಟ್ಟಿಯಾಯಿತು. ಎರಡನೆಯ ಕಾಲಮ್ಮಿನಲ್ಲಿ ಹೀಗೆ ಬರೆದೆ: "ಕಾರಣ ಇದೇ ಎಂದು ಹೇಳಲು ಆಧಾರ ಸಿಕ್ಕಿಲ್ಲ. ಕೆಳಗಿನವು ಕಾರಣವಲ್ಲ ಎಂದು ಹೇಳಲು ಆಧಾರವಿದೆ." ಹುಡುಗಿಯ ವಿಷಯ, ವಹಿ, ಹಲಗೆ ಎಲ್ಲ ವಿವರವಾಗಿ. ಗಡಿಯ ಮಾತು: ವರ್ಗದ ಅರ್ಧ ಮಕ್ಕಳ ಮನೆಯಲ್ಲಿ ಎರಡೂ ಭಾಷೆ, ಮಾಸ್ತರರೂ ಎರಡನ್ನೂ ಆಡುತ್ತಿದ್ದರು. ಆಮೇಲೆ, ನಡೆದದ್ದು ಅಂತ ಖಚಿತವಾಗಿದ್ದನ್ನು ಬರೆದೆ. ಬಂದೂಕು ಜೋಳದ ಚೀಲಗಳ ಹಿಂದೆ, ತೋಟೆಗಳು ಅದೇ ಕೋಣೆಯ ಗೂಡಿನಲ್ಲಿ, ಕೀಲಿ ಇಲ್ಲದೆ ಇದ್ದವು. ಅವನು ಗೋಣಿತಾಟಿನಲ್ಲಿ ಸುತ್ತಿದ ಉದ್ದನೆಯ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗುವುದನ್ನು ಮೂವರು ದೊಡ್ಡವರು ನೋಡಿ ಸುಮ್ಮನಾಗಿದ್ದರು. ಹಿಂದಿನ ಒಂದು ತಿಂಗಳಲ್ಲಿ ಮಾಸ್ತರರು ಅವನನ್ನು ಎಂಟು ಸಲ ವರ್ಗದ ಹೊರಗೆ ನಿಲ್ಲಿಸಿದ್ದರು. ಪಡಸಾಲೆಯಲ್ಲಿ ಅವನನ್ನು ದಾಟಿ ಓಡಾಡಿದ ಯಾವ ಶಿಕ್ಷಕರೂ ಅವನ ಮನೆಗೆ ಹೇಳಿ ಕಳಿಸಿರಲಿಲ್ಲ. ತೀರಿಕೊಂಡವರ ಬಗ್ಗೆ ಇದನ್ನು ಬರೆಯಲು ನನ್ನ ಕೈ ತಡೆಯಿತು. ಆದರೆ ನಡೆದದ್ದು ಅಂದ ಮೇಲೆ ಅದನ್ನು ಬಿಡುವ ಹಾಗಿರಲಿಲ್ಲ.

ಸಾಹೇಬರು ಓದಿ ಕನ್ನಡಕ ತೆಗೆದರು.

"ಬಾಯಾರ, ಮ್ಯಾಲಿನವರು ಕಾರಣ ಕೇಳ್ತಾರ. ಪಿಕ್ಚರಿನ ದುಷ್ಪರಿಣಾಮ ಅಂತ ಒಂದ ಸಾಲ ಬರದುಬಿಡ್ರಿ. ಯಾರಿಗೂ ತ್ರಾಸಿಲ್ಲ."

"ಶೆಡ್ಡಿನವಗ ತ್ರಾಸ ಐತ್ರಿ. ಮತ್ತ ಆ ಸಾಲ ಬರದ್ವಿ ಅಂದ್ರ ಜೋಳದ ಚೀಲದ ಹಿಂದಿನ ಬಂದೂಕು ಅಲ್ಲೇ ಇರತೈತಿ."

"ಕಾಲಂ ಖಾಲಿ ಇಡಾಕ ಬರೂದಿಲ್ಲ."

"ಖಾಲಿ ಇಲ್ರಿ. ಐದ ಪುಟ ಐತಿ."

ಅವರು ನಕ್ಕರೂ ಸಹಿ ಮಾಡಲು ಎರಡು ದಿನ ತೆಗೆದುಕೊಂಡರು. "ಕಾರಣ ಸ್ಪಷ್ಟಪಡಿಸಿಲ್ಲ" ಎಂದು ಪಕ್ಕದಲ್ಲಿ ಷರಾ ಬರೆದು ಕಳಿಸಿದರು. ತಿಂಗಳಾದ ಮೇಲೆ ಮೇಲಿನಿಂದ ನನಗೊಂದು ಲಕೋಟೆ ಬಂತು. ಕಾರಣ ಬರೆಯದಿದ್ದುದಕ್ಕೆ ಕಾರಣ ಕೇಳಿ ನೋಟೀಸು. ಅದನ್ನು ಓದಿ ಕಚೇರಿಯಲ್ಲಿ ನಾವೆಲ್ಲ ನಕ್ಕೆವು. ಉತ್ತರಕ್ಕೆ ಅದೇ ಐದು ಪುಟಗಳ ನಕಲು ಲಗತ್ತಿಸಿ ಕಳಿಸಿದೆ. ಮುಂದೆ ಯಾರೂ ಏನೂ ಕೇಳಲಿಲ್ಲ. ಆದರೆ ತಾಲೂಕಿನಲ್ಲಿ ಲೈಸೆನ್ಸಿನ ಬಂದೂಕುಗಳನ್ನು ಪೊಲೀಸರು ಮನೆಮನೆಗೆ ಹೋಗಿ ನೋಡಿದರು. ಬಂದೂಕಿಗೆ ಕೀಲಿ ಬೇಕು ಎಂದು ಬರೆದಿದ್ದ ನನ್ನ ಮೂರನೆಯ ಕಾಲಂ ಫೌಜದಾರರ ಕೈಗೆ ಸಿಕ್ಕಿತ್ತು.

ಅಥಣಿಯ ಸಂಬಂಧ ಮುಂದುವರಿಯಲಿಲ್ಲ. ಹುಡುಗಿ ರಾಯಬಾಗದ ಕೇಂದ್ರದಲ್ಲಿ ಪರೀಕ್ಷೆಗೆ ಕೂತಳು. ಅವಳ ಅಪ್ಪ ಆರೂ ದಿನ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದರು. ಶೆಡ್ಡು ಮತ್ತೆ ಏಳಲಿಲ್ಲ. ಅದರ ಮಾಲೀಕ ನಿಪ್ಪಾಣಿಗೆ ಹೋಗಿ ರೇಡಿಯೋ ರಿಪೇರಿಗೆ ಕೂತ. ಅವನ ನಷ್ಟವನ್ನು ನನ್ನ ವರದಿಯಿಂದ ತುಂಬಿಸಲಾಗಲಿಲ್ಲ.

ಒಂದು ಕೆಲಸ ಆದೇಶದಲ್ಲಿ ಇರಲಿಲ್ಲ. ಅದನ್ನು ನಾನೇ ಹಾಕಿಕೊಂಡೆ. ಮಾಸ್ತರರ ಊರು ಶೇಡಬಾಳ. ಹೆಂಡತಿ ಅಲ್ಲಿ ಅತ್ತೆಯ ಜೊತೆ ಇದ್ದರು. ಒಂದು ಮಧ್ಯಾಹ್ನ ಹೋದೆ. ಆಕೆ ನೀರು ಕೊಟ್ಟು ಎದುರಿಗೆ ಕೂತರು.

"ಯಾಕ ಹೊಡದಾ ಅಂತ ಹೇಳಾಕ ಬಂದೀರೇನ್ರಿ ನೀವೂ?"

"ಇಲ್ರಿ. ನನಗ ಗೊತ್ತಾಗಿಲ್ಲ. ಅದನ್ನ ಹೇಳಾಕ ಬಂದೇನಿ."

ಆಕೆ ನನ್ನ ಮುಖವನ್ನೇ ನೋಡಿದರು. "ಬಂದವರೆಲ್ಲಾ ಒಂದೊಂದು ಕಾರಣ ತಂದ್ರು ಬಾಯಾರ. ಬಡೀತಿದ್ರು ಅಂದ್ರು. ಭಾಷಾ ಅಂದ್ರು. ಆ ಹುಡಿಗೀ ಸುದ್ದಿ ಅಂದ್ರು. ಯಾವ ಕಾರಣ ತಗೊಂಡ್ರೂ ಅದರಾಗ ನಮ್ಮವರದ ಒಂದು ತಪ್ಪ ಇರತಿತ್ತು."

ವಹಿಯ ಸಂಗತಿ, ಹಲಗೆಯ ಸಂಗತಿ ಹೇಳಿದೆ. ಹೊರಗೆ ನಿಲ್ಲಿಸುತ್ತಿದ್ದುದನ್ನೂ ಮುಚ್ಚಿಡಲಿಲ್ಲ. ಆಕೆ ಗೋಣು ಹಾಕಿ, "ಹೌದು, ಸಿಟ್ಟಿತ್ತು ಅವರಿಗೆ" ಅಂದರು. ಆಮೇಲೆ ಕೇಳಿದರು: "ಆ ಹೊತ್ತಿನಾಗ ಏನ್ ಮಾಡಾಕತ್ತಿದ್ರು? ಆವಾಗೂ ಸಿಟ್ಟಿನಾಗ ಇದ್ರೇನು?"

ಅದು ನನಗೆ ಗೊತ್ತಿತ್ತು. ಮೂವತ್ತಾರು ಹೇಳಿಕೆಗಳಲ್ಲಿ ಇತ್ತು. ಹುಡುಗಿ ಪ್ರಮೇಯವನ್ನೆಲ್ಲ ಸರಿಯಾಗಿ ಬರೆದು, ಕೊನೆಯ ಸಾಲಿನಲ್ಲಿ ಒಂದು ಅಕ್ಷರ ತಪ್ಪಿದ್ದಳು. ಮಾಸ್ತರರು ಮೇಜಿನ ಹತ್ತಿರ ನಿಂತು, "ಹೊಳೀ ದಾಟಿ ದಂಡ್ಯಾಗ ಜಾರಿದೆಲ್ಲವಾ" ಅಂದರು. ವರ್ಗವೆಲ್ಲ ನಕ್ಕಿತು. ಅವರೂ ನಕ್ಕರು. ಬಾಗಿಲ ಕಡೆ ಅವರು ನೋಡಲೇ ಇಲ್ಲ.

"ನಗಾಕತ್ತಿದ್ರಾ?"

"ಹೌದ್ರಿ."

ಆಕೆ ಇನ್ನೊಮ್ಮೆ ಹೇಳಿಸಿಕೊಂಡರು. ಒಳಗಿನಿಂದ ಅತ್ತೆ, ಹೊತ್ತು ಮುಳುಗುವುದರೊಳಗೆ ಊಟಕ್ಕೆ ಏಳಿರಿ ಎಂದು ಕೂಗಿದರು, ಅವರು ಜೈನರು. ಆದರೆ ಆಕೆ ಎದ್ದು ಒಂದು ಹಾಳೆ ತಂದು ನನ್ನ ಮುಂದಿಟ್ಟರು. ಬರೆದುಕೊಡಿ ಅಂದರು. ಕಚೇರಿಯ ಹೇಳಿಕೆ ಬರೆಯುವ ಹಾಗೇ ಬರೆದೆ: ಯಾವ ತಾಸು, ಯಾರು ಎಲ್ಲಿ ನಿಂತಿದ್ದರು, ಏನು ಅಂದರು, ನಕ್ಕರು. ಆಕೆ ಓದಿದರು.

"ಬರೇ ನಕ್ಕರು ಅಂತ ಬ್ಯಾಡ್ರಿ. ಅವರು ಸಣ್ಣಗ ನಗೂ ಮನಶ್ಯಾ ಅಲ್ಲ."

ನಾನು ಚೀಲದಿಂದ ಹೇಳಿಕೆಗಳನ್ನು ತೆಗೆದು ಹುಡುಕಿದೆ. ಮುಂದಿನ ಬೆಂಚಿನ ಹುಡುಗಿಯದು ಸಿಕ್ಕಿತು. "ಜೋರಾಗಿ" ಎಂದು ಅವಳು ಹೇಳಿದ್ದಳು. ಆ ಪದವನ್ನು ಸೇರಿಸಿ, ಕೆಳಗೆ ಸಹಿ ಮಾಡಿ ಕೊಟ್ಟೆ.